ಮೂರು ಪಟ್ಟು ವೇಗ: ಯಾವುದಕ್ಕೆ?

2020ರಲ್ಲಿ ಹೊರಬಂದ ರೂಬಿ ಭಾಷೆಯ 3.0 ಆವೃತ್ತಿಯು, ಪ್ರೋಗ್ರಾಮು ಓಡುತ್ತಿರುವಾಗಲೇ ಯಂತ್ರಸಂಕೇತವನ್ನು ರಚಿಸಿಕೊಳ್ಳುವ ಜಿಟ್ ಸಂಕಲಕದ ಬಲದಿಂದ 2.0ಕ್ಕಿಂತ ಮೂರು ಪಟ್ಟು ವೇಗವುಳ್ಳದ್ದಾಯಿತೆಂದೂ, ಆದುದರಿಂದ ಆ ಭಾಷೆಯ ಪ್ರೋಗ್ರಾಮುಗಳೆಲ್ಲವೂ ಅಷ್ಟೇ ತ್ವರೆಗೊಳ್ಳುವುವೆಂದೂ ತಮ್ಮ ಪತ್ರಿಕೆಯಲ್ಲಿ ಅಚ್ಚಾದ ಲೇಖನವು ಪ್ರತಿಪಾದಿಸಿದೆ.

ಮೂರು ಪಟ್ಟೆಂಬುದು ಸುಳ್ಳಲ್ಲ. ಆದರೆ ಅದಕ್ಕೆ ಆಧಾರವಾದುದು ಆಪ್ಟ್‌ಕ್ಯಾರಟ್ ಎಂಬ, ನಿಂಟೆಂಡೊ ಆಟದ ಯಂತ್ರವನ್ನು ಅನುಕರಿಸುತ್ತ ಕೆಲವೇ ವಿಧಾನಗಳನ್ನು (ಮೆಥಡ್‌ಗಳನ್ನು) ಮತ್ತೆ ಮತ್ತೆ ಸುತ್ತಿಸುವ ಪರೀಕ್ಷೆ. ಅದು ಮುದ್ರಿಸುವ ಅಂಕಿಯಾದರೋ ಕೊನೆಯ 10 ಚಿತ್ರಚೌಕಟ್ಟುಗಳ ವೇಗವಾದುದರಿಂದ, ಸಂಕಲಕವು ಕಾವೇರುವವರೆಗೆ ತೆತ್ತ ಕಾಲವು ಲೆಕ್ಕಕ್ಕೇ ಬಾರದು.

ಇದಕ್ಕೆ ವ್ಯತಿರಿಕ್ತವಾಗಿ, ರೈಲ್ಸ್ ಎಂಬ ತಳಹದಿಯ ಮೇಲೆ ಕಟ್ಟಿದ ಜಾಲ ಅನ್ವಯಗಳು ಅಸಂಖ್ಯ ವಿಧಾನಗಳಲ್ಲಿ ಹರಡಿಕೊಂಡಿರುವುವು. 3.0ರ ಜಿಟ್ ಸಂಕಲಿಸಿದ ಸಂಕೇತವು ಪ್ರೊಸೆಸರಿನ ಕ್ಯಾಶ್ ಸ್ಮೃತಿಯಲ್ಲಿ ಹಿಡಿಸದೆ, ಲಾಭವು ಅಲ್ಲಿಯೇ ಕರಗುತ್ತಿತ್ತು. ಅಂತಹ ಕಾರ್ಯಕ್ಕೆ ಈ ಜಿಟ್ ಇನ್ನೂ ಸಿದ್ಧವಲ್ಲವೆಂದು ರೂಬಿಯ ಬಿಡುಗಡೆ ಪ್ರಕಟಣೆಯೇ (ಲೇಖಕರು ಅದನ್ನು ಕೊನೆಯವರೆಗೆ ಓದಿದಂತಿಲ್ಲ) ಒಪ್ಪಿಕೊಂಡಿತ್ತು. ರೂಬಿಯನ್ನು ನೆಚ್ಚಿಕೊಂಡವರಲ್ಲಿ ಬಹುಮಂದಿ ನಡೆಸುವುದು ಜಾಲತಾಣಗಳನ್ನೇ ಹೊರತು ಆಟದ ಯಂತ್ರಗಳನ್ನಲ್ಲ.