ಪುಣೆಯಲ್ಲೊಂದು ತವರು ಪಂದ್ಯ

ಆಫೀಸ್ ಕಾಲ್ ಶುರುವಾಗೋ ಮೊದಲು ಐದು ನಿಮಿಷ ಇರ್ತದಲ್ಲ, ಎಲ್ಲರೂ ಮಳೆ-ಚಳಿ ಮಾತಾಡೋ ಐದು ನಿಮಿಷ, ಅದು ನಮ್ಮ ಟೀಮಿನಲ್ಲಿ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಅಮೆರಿಕನ್ ಫುಟ್‌ಬಾಲಿಗೆ ಮೀಸಲು. ಆ ಕಡೆಯ ಹಿರಿಯರೊಬ್ಬರು ಗ್ರೀನ್ ಬೇ ಪ್ಯಾಕರ್ಸ್ ತಂಡದ ಕಟ್ಟಾ ಭಕ್ತರು. ಹತ್ತಿರ ಹತ್ತಿರ ಒಂದು ಲಕ್ಷ ಜನರ ಊರು, ತಂಡಕ್ಕೆ ಒಬ್ಬ ಸಾಹುಕಾರ ಮಾಲೀಕ ಅಂತಿಲ್ಲ, ಸಾಮಾನ್ಯ ಜನರೇ ಷೇರು ಹಿಡಿದಿದ್ದಾರೆ. 1919ರಲ್ಲಿ ತಂಡ ಶುರುವಾದಾಗ ಜರ್ಸಿಗೆ ದುಡ್ಡು ಕೊಟ್ಟಿದ್ದು ಇಂಡಿಯನ್ ಪ್ಯಾಕಿಂಗ್ ಕಂಪನಿ. ಹೆಸರು ನೋಡಿ ಖುಷಿಪಡಬೇಡಿ, ಅದು ಅಲ್ಲಿನ ಮಾಂಸದ ಡಬ್ಬಿ ಮಾಡೋ ಕಂಪನಿ.

ಅವರೇ ಒಂದು ದಿನ ಡುಲುತ್ ಎಸ್ಕಿಮೋಸ್ ಅನ್ನೋ ಹಳೇ ತಂಡದ ಕಥೆ ಹೇಳಿದರು. ಮಿನೆಸೋಟದ ಚಳಿ ಊರು ಡುಲುತ್. ಅಲ್ಲಿಗೆ ಆಡೋಕೆ ಯಾರೂ ಬರಲ್ಲ, ಬಂದರೂ ಟಿಕೆಟ್ ದುಡ್ಡು ಹುಟ್ಟಲ್ಲ. ಹಾಗಾಗಿ 1926ರಲ್ಲಿ ಆ ತಂಡ ಗಂಟುಮೂಟೆ ಕಟ್ಟಿಕೊಂಡು ಊರೂರು ಅಲೆಯಿತು. ಪ್ರದರ್ಶನ ಪಂದ್ಯಗಳೂ ಸೇರಿ 29 ಆಟ, ಅದರಲ್ಲಿ 28 ಹೊರಗೆ. ಹೆಸರು ಡುಲುತ್‌ದು, ಬದುಕು ರೈಲಿನದು. ಎರ್ನಿ ನೆವರ್ಸ್ ಅನ್ನೋ ಹುಡುಗ ಇದ್ದದ್ದಕ್ಕೆ ಜನ ನೋಡೋಕೆ ಬರ್ತಿದ್ದರಂತೆ. ಲೀಗ್ ಹುಟ್ಟಿ ಆಗಿನ್ನೂ ಆರೇ ವರ್ಷ.

"ನಿಮ್ಮಲ್ಲಿ ಇಂಥದ್ದು ಇದೆಯಾ?" ಅಂತ ಕೇಳಿದರು. ನಾನು ಬೆಂಗಳೂರು ಬುಲ್ಸ್ ಅಂದೆ. ಎರಡು ನಿಮಿಷದಲ್ಲಿ ಮುಗಿಸಿದೆ, ಮ್ಯಾನೇಜರ್ ಕಾಲಿಗೆ ಬಂದುಬಿಟ್ಟರು. ಉಳಿದಿದ್ದು ನಿಮಗೆ.

2018. ಇಂಜಿನಿಯರಿಂಗ್ ಮುಗಿಸಿ ಪುಣೆಗೆ ಬಂದು ಕೆಲವು ತಿಂಗಳಾಗಿತ್ತು. ನಮ್ಮ ದಿಗ್ಗೇವಾಡಿ ಕಡೆಯವರಿಗೆ ಪುಣೆ ದೂರ ಅನ್ನಿಸೋದಿಲ್ಲ. ರಾಯಬಾಗದಲ್ಲಿ ರೈಲು ಹತ್ತಿ ಮೀರಜ್ ದಾಟಿದರೆ ಆಯ್ತು. ಬೆಂಗಳೂರಿಗೆ ಹೋಗಬೇಕಂದ್ರೆ ಇಡೀ ರಾತ್ರಿ ಬಸ್ಸಿನಲ್ಲಿ ಸೊಂಟ ಮುರೀಬೇಕು. ಕೆಲಸ ಸಿಕ್ಕಿತ್ತು, ಪ್ರಾಜೆಕ್ಟ್ ಸಿಕ್ಕಿರಲಿಲ್ಲ. ಬೆಂಚ್. ಬೆಳಿಗ್ಗೆ ಹೋಗಿ ಕಾರ್ಡ್ ತೋರಿಸೋದು, ಟ್ರೈನಿಂಗ್ ವಿಡಿಯೋ ಹಚ್ಚೋದು, ಸಂಜೆ ವಾಪಸ್ ಪಿಜಿ. ನಾಲ್ಕನೇ ತಿಂಗಳಿಗೆ ಹೊಟ್ಟೆಯಲ್ಲಿ ಭಯ ಶುರುವಾಗಿತ್ತು, ಯಾಕಂದ್ರೆ ನಮ್ಮ ಜೊತೆ ಸೇರಿದ ಇಬ್ಬರನ್ನ ಕರೆದು ರಾಜೀನಾಮೆ ಬರೆಸಿಕೊಂಡಿದ್ದರು. ಮನೆಯಲ್ಲಿ ಈ ಸುದ್ದಿ ಹೇಳಿರಲಿಲ್ಲ. ಅವ್ವ ಫೋನ್ ಮಾಡಿ "ಕೆಲಸ ಭಾಳ ಇರ್ತೈತೇನೋ?" ಅಂದ್ರೆ "ಹೂನವ್ವ, ಭಾಳ" ಅಂತಿದ್ದೆ.

ಪ್ರೊ ಕಬಡ್ಡಿ ಆರನೇ ಸೀಸನ್ ಅಕ್ಟೋಬರ್ 7ಕ್ಕೆ ಶುರುವಾಯ್ತು. ಬುಲ್ಸ್ ಅಲ್ಲಿವರೆಗೆ ಕಪ್ ಗೆದ್ದಿರಲಿಲ್ಲ. 2014ರ ಮೊದಲ ಸೀಸನ್ನಿನಲ್ಲಿ ಸೆಮಿಫೈನಲ್, 2015ರಲ್ಲಿ ಫೈನಲ್ಲಿಗೆ ಹೋಗಿ ಯು ಮುಂಬಾ ಎದುರು 36-30ಕ್ಕೆ ಸೋಲು. ಆಮೇಲೆ ಇಳಿಜಾರು. 2017ರಲ್ಲಂತೂ ತವರು ಪಂದ್ಯಗಳನ್ನೇ ನಾಗಪುರಕ್ಕೆ ಒಯ್ದು ಆಡಬೇಕಾಯ್ತು. ಮರುವರ್ಷವೂ ಕಂಠೀರವ ಸಿಗಲಿಲ್ಲ. ತವರು ಪಂದ್ಯ ಎಲ್ಲಿ ಅಂತ ನೋಡಿದರೆ, ಪುಣೆಯ ಬಾಲೇವಾಡಿ! ನನ್ನ ಪಿಜಿಯಿಂದ ಆಟೋ ದೂರ. ಬೆಂಗಳೂರಿನ ಕಬಡ್ಡಿ ಅಭಿಮಾನಿಗೆ ಸಿಗದ ತವರು ಪಂದ್ಯ ದಿಗ್ಗೇವಾಡಿಯ ಬೆಂಚ್ ಹುಡುಗನಿಗೆ ಸಿಕ್ತು.

ಹೋದೆ. ಒಳಗೆ ಕೂತ ಮೇಲೆ ಗೊತ್ತಾಯ್ತು, ತವರು ಅನ್ನೋದು ಬೋರ್ಡಿನಲ್ಲಿ ಮಾತ್ರ. ಜನ ಮರಾಠಿಯಲ್ಲಿ ಕೂಗ್ತಿದ್ದರು, ಒಳ್ಳೇ ರೇಡ್ ಆದರೆ ಯಾರದ್ದಾದರೂ ಚಪ್ಪಾಳೆ ಹೊಡೀತಿದ್ದರು, ಅಷ್ಟೇ. ನಮ್ಮ ಸಾಲಿನಲ್ಲಿ ಕೆಂಪು ಟೀಶರ್ಟಿನವರು ಮೂರೋ ನಾಲ್ಕೋ. ನಾನೊಬ್ಬ "ಹೊಡಿಯಲೇ!" ಅಂತ ಕೂಗಿದ್ದಕ್ಕೆ ಹಿಂದಿನ ಸಾಲಿಂದ ಒಬ್ಬರು "ಯಾವೂರಪಾ ನಿಂದು?" ಅಂದರು. ಅಥಣಿಯವರು. ಆಮೇಲೆ ಇಬ್ಬರೂ ಸೇರಿ ಕೂಗಿದೆವು.

ಇನ್ನೊಂದು ಮಾತು. ತಂಡದಲ್ಲಿ ಕನ್ನಡ ಎಷ್ಟಿತ್ತು ಅಂತ ಕೇಳಬೇಡಿ. ನಾಯಕ ರೋಹಿತ್ ಕುಮಾರ್, ಪವನ್ ಶೆರಾವತ್, ಕೋಚ್ ರಣಧೀರ್ ಸಿಂಗ್, ಎಲ್ಲಾ ಉತ್ತರದ ಕಡೆಯವರು. ತರಬೇತುದಾರರಲ್ಲಿ ನಮ್ಮ ಬಿ.ಸಿ. ರಮೇಶ್ ಇದ್ದರು ಅನ್ನೋದೇ ಸಮಾಧಾನ. (ಅವರು ಮುಂದಿನ ವರ್ಷ ಬೆಂಗಾಲ್ ವಾರಿಯರ್ಸ್‌ಗೆ ಹೋಗಿ ಅವರಿಗೂ ಕಪ್ ಗೆಲ್ಲಿಸಿದರು, 2024ರಲ್ಲಿ ಪುಣೇರಿ ಪಲ್ಟನ್‌ಗೂ.) ಆದರೆ ನಮ್ಮೂರಿಗೆ ಎಲ್ಲರಿಗಿಂತ ಹತ್ತಿರದವನು ಅಂದ್ರೆ ಕಾಶಿಲಿಂಗ್ ಅಡಕೆ, ಸಾಂಗ್ಲಿ ಜಿಲ್ಲೆಯವನು. ಗಡಿಯಾಚೆ, ಆದರೆ ಅದೇ ಕೃಷ್ಣಾ ನದಿ, ಅದೇ ಕಬ್ಬು. ನಮ್ಮ ಕಾಕಾನ ಮಗ, ನಾನು ಅಣ್ಣ ಅಂತೀನಿ, ಅವನಿಗೆ ಕಾಶಿಲಿಂಗ್ ಅಂದ್ರೆ ಪ್ರಾಣ.

ಅಣ್ಣ ಶಾಲೆಯಲ್ಲಿದ್ದಾಗ ಒಳ್ಳೇ ಕಬಡ್ಡಿ ಆಟಗಾರ. ಹಿಮ್ಮಡಿ ಹಿಡಿದನೆಂದರೆ ಬಿಡಿಸಿಕೊಂಡು ಹೋದವರಿಲ್ಲ. ತಾಲೂಕಿಗೆ ಆಡಿದ. ಅಜ್ಜ "ಹುತುತು ಆಡಿ ಹೊಟ್ಟಿ ತುಂಬತೈತೇನು?" ಅಂತಿದ್ದ, ಅದು ನಿಜವೂ ಆಗಿತ್ತು. ಆಗ ಗೆದ್ದವರಿಗೆ ಒಂದು ಶೀಲ್ಡು, ಜಾತ್ರೆಯ ಪಂದ್ಯವಾದರೆ ಸ್ಟೀಲ್ ಕೊಡ. ಪ್ರೊ ಕಬಡ್ಡಿ ಬರೋ ಹೊತ್ತಿಗೆ ಅಣ್ಣನ ಮದುವೆಯಾಗಿತ್ತು, ಮೊಣಕಾಲು ಹೋಗಿತ್ತು. 2018ರ ಹರಾಜಿನಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋದಾಗ ಅಣ್ಣ ಫೋನ್ ಮಾಡಿದ್ದ. ನಗ್ತಾನೇ ಮಾತಾಡಿದ. "ಕೋಟಿ ಅಂದ್ರ ಎಷ್ಟ್ ಟನ್ ಕಬ್ಬೋ ತಮ್ಮಾ, ಲೆಕ್ಕಾ ಮಾಡಿ ಹೇಳು."

ಅದೇ ಹರಾಜಿನಲ್ಲಿ ಪವನ್ ಬುಲ್ಸ್‌ಗೆ ಬಂದಿದ್ದು 52.8 ಲಕ್ಷಕ್ಕೆ. ಮೊದಲು ಇಲ್ಲೇ ಇದ್ದ ಹುಡುಗ, ಹಿಂದಿನ ಸೀಸನ್ ಗುಜರಾತ್ ತಂಡದಲ್ಲಿ ಕಳೆದಿದ್ದ. ಅಲ್ಲಿ ಹೆಚ್ಚು ಹೊತ್ತು ಕೂತಿದ್ದೇ ಬಂತು, ರೇಡಿಗೆ ಬಿಟ್ಟಿದ್ದು ಕಡಿಮೆ. ಇಲ್ಲಿ ಮೊದಲ ಪಂದ್ಯ, ಚೆನ್ನೈಯಲ್ಲಿ ತಮಿಳ್ ತಲೈವಾಸ್ ಎದುರು, ಒಬ್ಬನೇ 20 ಅಂಕ ತಂದ. ಬುಲ್ಸ್ 48-37ಕ್ಕೆ ಗೆದ್ದಿತು. ಸೀಸನ್ ಮುಗಿಯೋ ಹೊತ್ತಿಗೆ ಅವನ ರೇಡ್ ಅಂಕ 271. ಬೆಂಚ್ ಮೇಲಿದ್ದವನಿಗೆ ಇನ್ನೊಬ್ಬ ಬೆಂಚಿನವನ ಲೆಕ್ಕ ಬಾಯಿಪಾಠ ಆಗಿರ್ತದೆ, ಕ್ಷಮಿಸಿ.

ಬುಲ್ಸ್ ತನ್ನ ವಲಯದಲ್ಲಿ ಮೊದಲ ಸ್ಥಾನ ಹಿಡಿಯಿತು. ಡಿಸೆಂಬರ್ 31ಕ್ಕೆ ಕೊಚ್ಚಿಯಲ್ಲಿ ಮೊದಲ ಕ್ವಾಲಿಫೈಯರ್, ಎದುರು ಗುಜರಾತ್, 41-29. ಐದು ದಿನ ಬಿಟ್ಟು ಫೈನಲ್, ಮತ್ತೆ ಗುಜರಾತ್.

ಜನವರಿ 5, ಶನಿವಾರ, ಮುಂಬೈ. ಪಿಜಿಯ ಟೀವಿ ಮುಂದೆ ಬೇರೆ ಯಾರೋ ಸಿನಿಮಾ ಹಚ್ಚಿದ್ದರು, ನಾನು ಟೆರೇಸಿಗೆ ಹೋಗಿ ಫೋನಿನಲ್ಲಿ ನೋಡ್ತಿದ್ದೆ. ಅಣ್ಣ ಹೊಲದಲ್ಲಿದ್ದ. ಪಂಪಿಗೆ ಕರೆಂಟು ರಾತ್ರಿ ಪಾಳಿ, ಕಬ್ಬಿಗೆ ನೀರು ಬಿಡ್ತಾ ಅವನೂ ಫೋನಿನಲ್ಲೇ ನೋಡ್ತಿದ್ದ. ಅವನ ನೆಟ್‌ವರ್ಕ್ ನಿಂತು ನಿಂತು ಬರ್ತಿತ್ತು. ಹಾಗಾಗಿ ಕಾಲ್ ಹಚ್ಚಿಟ್ಟುಕೊಂಡು ನಾನು ಹೇಳಬೇಕು, ಅವನು ಕೇಳಬೇಕು. ಒಂಥರಾ ರೇಡಿಯೋ ಕಾಮೆಂಟ್ರಿ.

ಅರ್ಧ ಆಟಕ್ಕೆ ಗುಜರಾತ್ 16, ಬುಲ್ಸ್ 9.

"ಹೋತು ಬಿಡು" ಅಂದ ಅಣ್ಣ. ನನಗೂ ಹಾಗೇ ಅನ್ನಿಸಿತ್ತು. ಏನೋ ಒಂದು ಸಿಟ್ಟಿನಲ್ಲಿ, ಮೂರು ತಿಂಗಳಿಂದ ಯಾರಿಗೂ ಹೇಳದ್ದನ್ನ ಆವಾಗ ಅವನಿಗೆ ಹೇಳಿಬಿಟ್ಟೆ. ಪ್ರಾಜೆಕ್ಟ್ ಇಲ್ಲ, ಸುಮ್ಮನೆ ಕೂಡಿಸಿದ್ದಾರೆ, ಯಾವಾಗ ಬೇಕಾದರೂ ಕಳಿಸಬಹುದು ಅಂತ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ನೀರಿನ ಸಪ್ಪಳ ಕೇಳ್ತಿತ್ತು. "ಪಗಾರ ಕೊಡಾಕತ್ತಾರಿಲ್ಲೋ?" ಅಂದ. ಕೊಡ್ತಾರೆ ಅಂದೆ. "ಹಂಗಾರ ಕುಂದ್ರು. ಕುಂತಿದ್ದಕ್ಕ ಯಾರ್ ಪಗಾರ ಕೊಡತಾರ? ಕಾಕಾಗ ನಾ ಹೇಳೂದಿಲ್ಲ. ಸ್ಕೋರ್ ಹೇಳು."

ಎರಡನೇ ಅರ್ಧದಲ್ಲಿ ಪವನ್ ಬೇರೆಯೇ ಆಗಿದ್ದ. ಕಬಡ್ಡಿ ಅಂಕಣದ ಉದ್ದ 13 ಮೀಟರ್, ಎದುರಾಳಿಯ ಪಾಲಿಗೆ ಬರೋದು ಅದರ ಅರ್ಧ. ಅಷ್ಟರೊಳಗೆ ಏಳು ಜನ ಕೈ ಕೈ ಹಿಡಿದು ಕಾಯ್ತಾರೆ, ನಿನಗಿರೋದು 30 ಸೆಕೆಂಡು, ಒಂದೇ ಉಸಿರು. ಅವನು ಹಿಡಿಯೋಕೆ ಬಂದವರ ಮೇಲಿಂದಲೇ ಹಾರಿ ಬರ್ತಿದ್ದ. ಹೋಗೋದು, ತರೋದು, ಹೋಗೋದು, ತರೋದು. ನಾನು ಹೇಳೋದಕ್ಕಿಂತ ಬೇಗ ಸ್ಕೋರ್ ಬದಲಾಗ್ತಿತ್ತು. "ಮತ್ತ? ಮತ್ತ?" ಅಂತ ಅಣ್ಣ. ನಡುವೆ ಒಮ್ಮೆ ಕಾಲ್ ಕಟ್ಟಾಯ್ತು, ಮತ್ತೆ ಹಚ್ಚೋದರೊಳಗೆ ಬುಲ್ಸ್ ಮುಂದೆ ಇತ್ತು. ಕೊನೆಗೆ 38-33. ಅದರಲ್ಲಿ 22 ಪವನ್‌ದೇ, ತನ್ನನ್ನ ಕೂಡಿಸಿದ್ದ ತಂಡದ ಎದುರಿಗೇ. ಬುಲ್ಸ್‌ಗೆ ಈವರೆಗೂ ಅದೊಂದೇ ಕಪ್.

ಟೆರೇಸಿನಲ್ಲಿ ನಾನು ಕೂಗಿದ್ದಕ್ಕೆ ಕೆಳಗಿಂದ ವಾಚ್‌ಮನ್ "ಕಾಯ್ ಝಾಲಂ?" ಅಂದ. ಬೆಂಗಳೂರು ಗೆದ್ದಿತು ಅಂದೆ. ಯಾವುದರಲ್ಲಿ ಅಂತಲೂ ಅವನು ಕೇಳಲಿಲ್ಲ.

ನನಗೆ ಪ್ರಾಜೆಕ್ಟ್ ಸಿಕ್ಕಿದ್ದು ಮಾರ್ಚಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ಸೀಮೆಯ ಕಬ್ಬೆಲ್ಲ ನೀರಿನ ಕೆಳಗೆ ಹೋಯ್ತು, ಅಣ್ಣನದೂ. ಆ ತಿಂಗಳ ಕೊನೆಗೆ ಬುಲ್ಸ್ ತವರು ಪಂದ್ಯ ಕಂಠೀರವಕ್ಕೆ ವಾಪಸ್ ಬಂದವು. ಟೀವಿಯಲ್ಲಿ ನೋಡಿದೆ, ಸ್ಟೇಡಿಯಂ ತುಂಬ ಕೆಂಪು ಟೀಶರ್ಟು. ಹೊಟ್ಟೆಕಿಚ್ಚು ಆಯ್ತು, ಸುಳ್ಳು ಯಾಕೆ ಹೇಳಲಿ.

ಫೈನಲ್ ರಾತ್ರಿ ಕಪ್ ಕೊಡೋವರೆಗೆ ಅಣ್ಣ ಕಾಲ್ ಇಟ್ಟಿರಲಿಲ್ಲ. "ಕಾಶಿಲಿಂಗ್‌ನ ಕೈಯಾಗೂ ಕಪ್ ಕೊಟ್ರೇನೋ?" ಅಂತ ಕೇಳಿದ. ಗುಂಪಿನಲ್ಲಿ ನನಗೆ ಕಾಣಿಸಿರಲಿಲ್ಲ. ಕೊಟ್ಟರು ಅಂದೆ. "ಭಾಳ ಚೊಲೋ ಆತು" ಅಂದ. ಆಮೇಲೆ "ತಡೀ, ಸಾಲು ತುಂಬಿ ನೀರು ಹೊರಗ ಹೊಂಟೈತಿ" ಅಂತ ಫೋನ್ ಇಟ್ಟ.