ಪ್ರಾಣ ತೆತ್ತು ಕಾರ್ಡ್ ಕೊಂಡವರು

ಬಲಾಢ್ಯ ಕಾರ್ಡುಗಳಿಂದಾಗಿ 'ಮ್ಯಾಜಿಕ್: ದ ಗ್ಯಾದರಿಂಗ್' ಆಟದಲ್ಲಿ ಡೆಕ್ ಕಟ್ಟುವ ಜಾಣ್ಮೆಯೇ ಸತ್ತಿದೆ ಎಂದು ಲೇಖನವೊಂದರ ಲೇಖಕರು ಗೋಳಾಡಿದ್ದಾರೆ. 1995ರ ನೆಕ್ರೊಪೊಟೆನ್ಸ್ ಕಾರ್ಡಿನ ಕಥೆ ಅವರಿಗೆ ಮರೆತುಹೋಯಿತೇ? ಸರದಿಗೊಂದು ಕಾರ್ಡ್ ಎಳೆಯುವ ಹಕ್ಕು ಬಿಡಬೇಕು, ಬೇಕಾದ ಒಂದೊಂದು ಕಾರ್ಡಿಗೂ ಒಂದೊಂದು ಪ್ರಾಣಾಂಕ ತೆರಬೇಕು. ಮೊದಮೊದಲು ಇದನ್ನು ಮೂಸಿ ನೋಡಿದವರೇ ಕಡಿಮೆ. ಇಪ್ಪತ್ತು ಪ್ರಾಣಾಂಕ ಇರುವುದೇ ಖರ್ಚು ಮಾಡಲಿಕ್ಕೆ ಎಂದು ಹೊಳೆದ ಮೇಲೆ ತಾನೇ ಅದು 1996ರ ಬೇಸಿಗೆಯಲ್ಲಿ ಮೆರೆದದ್ದು! ಆ ಹೊಳಹು ಸೃಜನಶೀಲತೆಯಲ್ಲದೆ ಮತ್ತೇನು?

ಸ್ಕಲ್‌ಕ್ಲ್ಯಾಂಪ್ ಕಾರ್ಡಿನ ಮಾತು ಬೇರೆ, ಒಪ್ಪುತ್ತೇನೆ. ಒಂದು ಮನಾ (ಆಟದೊಳಗಿನ ಶಕ್ತಿ) ತೆತ್ತು ಬಡಕಲು ಗಾಬ್ಲಿನ್‌ಗೆ ತೊಡಿಸಿದರೆ ಸಾಕು, ಅದು ಅಲ್ಲೇ ಸಾಯುತ್ತದೆ, ಕೈಗೆ ಎರಡು ಕಾರ್ಡ್ ಬರುತ್ತವೆ. ಇದಕ್ಕೆ ತಲೆ ಬೇಕಿಲ್ಲ. 2004ರಲ್ಲಿ ಸ್ಟ್ಯಾಂಡರ್ಡ್ ಮಾದರಿಯ ಪಂದ್ಯಗಳಿಂದ ಅದನ್ನು ಹೊರಹಾಕಿದ್ದು ಸರಿಯೇ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವ ಲೇಖಕರು, ನೆಕ್ರೊಪೊಟೆನ್ಸ್ ಹಿಡಿದು ಎಂದಾದರೂ ಆಡಿದ್ದಾರೆಯೇ?