ಹೆಸರೂ ಒಂದು ಆಸ್ತಿಯೇ

ಅಂಗೈಯಗಲ ನೆಲವನ್ನು ಕೊಂಡವನೂ ಅದರ ಪತ್ರವನ್ನು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಾಯಿಸದೆ ನೆಮ್ಮದಿಯಿಂದ ಮಲಗುವುದಿಲ್ಲ. ಆದರೆ ಅದೇ ಮನುಷ್ಯನು ಇಪ್ಪತ್ತು ವರ್ಷಗಳ ದುಡಿಮೆಯಿಂದ ತನ್ನ ಕಾಫಿಪುಡಿಗೋ, ಊದಿನಕಡ್ಡಿಗೋ, ಉಪ್ಪಿನಕಾಯಿಗೋ ಸಂಪಾದಿಸಿದ ಹೆಸರನ್ನು ಮಾತ್ರ ಬಾಗಿಲಿಲ್ಲದ ಮನೆಯಂತೆ ಬಿಟ್ಟಿರುತ್ತಾನೆ. ಗಿರಾಕಿಯು ಅಂಗಡಿಯಲ್ಲಿ ಕೇಳುವುದು ಆ ಹೆಸರನ್ನೇ. ನಂಬುವುದು ಆ ಚೀಟಿಯನ್ನೇ. ಪಕ್ಕದ ಬೀದಿಯವನು ಅದೇ ಬಣ್ಣದ ಚೀಟಿಯಲ್ಲಿ ಒಂದಕ್ಷರ ತಿದ್ದಿ ಕೀಳು ಸರಕನ್ನು ಮಾರತೊಡಗಿದ ದಿನ ಆತನಿಗೆ ತಾನು ಕಳೆದುಕೊಂಡುದರ ಬೆಲೆ ತಿಳಿಯುತ್ತದೆ.

ಕಾಯಿದೆಯು ಇಂತಹವನ ಕೈಬಿಟ್ಟಿಲ್ಲ, ನಿಜ. 1999ನೆಯ ಇಸವಿಯ ವ್ಯಾಪಾರ ಚಿಹ್ನೆಗಳ ಕಾಯಿದೆಯು ನೋಂದಣಿಯಾಗದ ಹೆಸರಿನ ಒಡೆಯನಿಗೂ ದಾವೆ ಹೂಡುವ ಹಕ್ಕನ್ನು ಉಳಿಸಿದೆ. ಆದರೆ ತನ್ನ ಹೆಸರಿಗೆ ಜನರಲ್ಲಿ ಮನ್ನಣೆಯಿತ್ತೆಂಬುದನ್ನೂ, ಎದುರಾಳಿಯ ನಡತೆಯಿಂದ ಗಿರಾಕಿಗಳು ಮೋಸಹೋಗುವಂತಾಯಿತೆಂಬುದನ್ನೂ, ಅದರಿಂದ ತನಗೆ ಹಾನಿಯೆಂಬುದನ್ನೂ ಆತನೇ ರುಜುವಾತು ಮಾಡಬೇಕು. ನೋಂದಣಿ ಮಾಡಿಸಿದವನಿಗಾದರೋ ಸರ್ಕಾರದ ಸರ್ಟಿಫಿಕೇಟೇ ಮೊದಲ ಸಾಕ್ಷಿ. ಸಣ್ಣ ವರ್ತಕನ ಪಾಲಿಗೆ ಈ ಅಂತರವು ಅಲ್ಪವಲ್ಲ.

ಹೆಸರಿನ ವ್ಯಾಜ್ಯವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಕರ್ನಾಟಕ ಹಾಲು ಮಹಾಮಂಡಲವು 1985ರಿಂದ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತಿದೆ. 1989ರಲ್ಲಿ ಅಂತಹುದೇ ಹೆಸರಿನಿಂದ ಭೋಜನಶಾಲೆಗಳನ್ನು ಆರಂಭಿಸಿದ ಸಂಸ್ಥೆಯೊಂದು ಆಹಾರ ಪದಾರ್ಥಗಳಿಗೂ ಅದನ್ನು ನೋಂದಾಯಿಸಲು ಅರ್ಜಿ ಹಾಕಿತು. 2007ರಲ್ಲಿ ಉಪ ರಿಜಿಸ್ಟ್ರಾರರು ಮಹಾಮಂಡಲದ ಆಕ್ಷೇಪಣೆಯನ್ನು ತಳ್ಳಿಹಾಕಿದರು. 2011ರಲ್ಲಿ ಮೇಲ್ಮನವಿ ಮಂಡಳಿಯು ಮಹಾಮಂಡಲದ ಪರವಾಗಿ ತೀರ್ಪಿತ್ತಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಡೆಗೆ 2018ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೊರತುಪಡಿಸಿ, ಭೋಜನಶಾಲೆಯವರಿಗೆ ನೋಂದಣಿಯು ಸಲ್ಲತಕ್ಕದ್ದೆಂದು ತೀರ್ಮಾನಿಸಿತು. ಸರಕುಗಳು ಬೇರೆ, ಚಿಹ್ನೆಗಳ ಆಕಾರವೂ ಬೇರೆ. ಪುರಾಣ ಪ್ರಸಿದ್ಧವಾದ ಹೆಸರು ಒಬ್ಬರು ಕಲ್ಪಿಸಿದ ಪದವಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. ಕುಲದೈವದ ಹೆಸರನ್ನೇ ಅಂಗಡಿಗಿಡುವ ನಮ್ಮ ವರ್ತಕರು ಇದನ್ನು ಮನನ ಮಾಡಬೇಕು. ದೇವರ ಹೆಸರು, ಊರಿನ ಹೆಸರು, ಸರಕಿನ ಗುಣವನ್ನಷ್ಟೇ ಹೇಳುವ ಮಾತು ಇವು ದುರ್ಬಲವಾದ ಬೇಲಿಗಳು. ತಾನೇ ರೂಪಿಸಿದ ಹೊಸ ಹೆಸರು ಭದ್ರವಾದ ಗೋಡೆ. ಹನ್ನೊಂದು ವರ್ಷ ನ್ಯಾಯಾಲಯಗಳ ಮೆಟ್ಟಿಲೇರುವ ಶಕ್ತಿ ಉಪ್ಪಿನಕಾಯಿ ಮಾರುವವಳಿಗೆ ಎಲ್ಲಿಂದ ಬರಬೇಕು?

ನೋಂದಣಿಯ ದಾರಿಯೇನೂ ದುರ್ಗಮವಲ್ಲ. ಅದೇ ಹೆಸರು ಬೇರೆಯವರಲ್ಲಿದೆಯೇ ಎಂದು ರಿಜಿಸ್ಟ್ರಿಯ ದಾಖಲೆಗಳನ್ನು ಅಂತರಜಾಲದಲ್ಲಿ ಮೊದಲು ಹುಡುಕಬೇಕು. ಸರಕುಗಳೂ ಸೇವೆಗಳೂ 45 ವರ್ಗಗಳಾಗಿ ವಿಂಗಡಿಸಲ್ಪಟ್ಟಿವೆ. 2017ರ ನಿಯಮಗಳ ಪ್ರಕಾರ, ಅಂತರಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವರ್ಗವೊಂದಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ ಶುಲ್ಕ. ದೊಡ್ಡ ಸಂಸ್ಥೆಗಳಿಗೆ 9,000. ಪರೀಕ್ಷೆಯಲ್ಲಿ ತೇರ್ಗಡೆಯಾದ ಚಿಹ್ನೆಯು ಇಲಾಖೆಯ ಜರ್ನಲಿನಲ್ಲಿ ಪ್ರಕಟವಾಗುವುದು. 4 ತಿಂಗಳೊಳಗೆ ಯಾರೂ ತಕರಾರು ಮಾಡದಿದ್ದರೆ ನೋಂದಣಿಯಾಗಿ, ಅರ್ಜಿಯ ದಿನದಿಂದಲೇ 10 ವರ್ಷ ಊರ್ಜಿತದಲ್ಲಿರುವುದು, ಬಳಿಕ ನವೀಕರಿಸಬಹುದು. ಹೆಸರನ್ನು ಮೊದಲಿನಿಂದ ಬಳಸುತ್ತಿರುವುದಾಗಿ ಹೇಳುವವನು ಅಫಿಡವಿಟ್ಟನ್ನೂ ಪುರಾವೆಯನ್ನೂ ಒಪ್ಪಿಸಬೇಕಾದುದರಿಂದ, ಹಳೆಯ ಬಿಲ್ಲು, ಚೀಟಿ, ಜಾಹೀರಾತುಗಳನ್ನು ರದ್ದಿಗೆ ಹಾಕದಿರುವುದು ವಿವೇಕ.

ಇಷ್ಟಾದರೂ ನಮ್ಮವರು ಹಿಂಜರಿಯುವುದಕ್ಕೆ ಅವರ ಅಲಕ್ಷ್ಯವೊಂದೇ ಕಾರಣವಲ್ಲ. ರಿಜಿಸ್ಟ್ರಿಯ ಕಚೇರಿಗಳು ಮುಂಬಯಿ, ಅಹಮದಾಬಾದು, ದೆಹಲಿ, ಕೋಲ್ಕತ್ತಾ, ಚೆನ್ನೈಗಳಲ್ಲಿವೆ. ಕರ್ನಾಟಕವು ಚೆನ್ನೈ ಕಚೇರಿಯ ಎಲ್ಲೆಗೆ ಸೇರಿದೆ. ಅರ್ಜಿಯು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಬೇಕು. ಚಿಹ್ನೆಯಲ್ಲಿ ಕನ್ನಡ ಅಕ್ಷರಗಳಿದ್ದರೆ ಅವುಗಳ ಉಚ್ಚಾರಣೆಯನ್ನೂ ಅರ್ಥವನ್ನೂ ಆ ಭಾಷೆಗಳಲ್ಲೊಂದರಲ್ಲಿ ಬರೆದುಕೊಡಬೇಕು. ಕನ್ನಡನಾಡಿನಲ್ಲಿ, ಕನ್ನಡಿಗರಿಗೆ, ಕನ್ನಡ ಹೆಸರಿನಿಂದ ಮಾರುವವನು ತನ್ನ ಹೆಸರನ್ನು ಕಾಪಾಡಿಕೊಳ್ಳಲು ಪರಭಾಷೆಯಲ್ಲಿ ಬೇಡಬೇಕೆಂಬುದು ಯಾವ ನ್ಯಾಯ? ಅಂತರಜಾಲವಿರುವಾಗ ಕಚೇರಿ ಎಲ್ಲಿದ್ದರೇನೆಂದು ಕೆಲವರು ಕೇಳಬಹುದು. ಅರ್ಜಿಯನ್ನು ಕಳುಹಿಸುವುದೇನೋ ಸುಲಭ. ಆಕ್ಷೇಪಣೆಗೆ ಉತ್ತರ ಬರೆಯುವಾಗ ಭಾಷೆ ಬಲ್ಲ ಮಧ್ಯಸ್ಥನನ್ನೇ ಹುಡುಕಬೇಕಾಗುತ್ತದೆ, ಆತನ ಫೀಜು ಸರ್ಕಾರದ ಶುಲ್ಕಕ್ಕಿಂತ ಹೆಚ್ಚಾಗುವುದೂ ಉಂಟು.

ಶಾಖೆಗಳನ್ನು ತೆರೆಯುವ ಅಧಿಕಾರವನ್ನು ಕಾಯಿದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಬೆಂಗಳೂರಿನಲ್ಲೊಂದು ಶಾಖೆಯನ್ನು ತೆರೆದು, ಕನ್ನಡದ ಅರ್ಜಿಗಳನ್ನು ಸ್ವೀಕರಿಸುವಂತೆ ನಿಯಮಗಳನ್ನು ತಿದ್ದುವುದು ಅವರ ಕರ್ತವ್ಯ. ಅಲ್ಲಿಯವರೆಗೆ ರಾಜ್ಯ ಸರ್ಕಾರದವರು ಸುಮ್ಮನಿರಬೇಕಾಗಿಲ್ಲ. ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಈ ವಿಷಯವನ್ನು ಕನ್ನಡದಲ್ಲಿ ತಿಳಿಹೇಳಿ, ಅರ್ಜಿಯನ್ನು ತುಂಬಿಕೊಡುವ ಒಬ್ಬ ನೌಕರನನ್ನು ನೇಮಿಸಲಿ. ವರ್ತಕರ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿಯೇ ಈ ಎರಡು ಬೇಡಿಕೆಗಳ ಠರಾವು ಮಾಡಲಿ. ಸದಸ್ಯರು ಅದಕ್ಕೆ ಸಹಿ ಹಾಕುವ ಮೊದಲು ತಮ್ಮ ತಮ್ಮ ಹೆಸರುಗಳಿಗೆ ಅರ್ಜಿ ಹಾಕಿರಲಿ.